ಮಗಳ ಲಾಗ, ಮಾವನ ತೊಡೆ

ಕೊಳ್ಳೇಗಾಲದಲ್ಲಿ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಹೇಳಿಕೊಡುವ ಜಾಗವಿದೆ ಎಂದರೆ ಯಳಂದೂರು ಕಡೆಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಈಗಲೂ ಯಾರೂ ನಂಬುವುದಿಲ್ಲ. "ಮೈಸೂರಲ್ವಾ ಸಾರ್?" ಎಂದು ಇನ್ನೊಮ್ಮೆ ಕೇಳುತ್ತಾರೆ. ಮೈಸೂರಲ್ಲ, ಇಲ್ಲೇ. ಹಿಂದೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ಒಂದು ಶೆಡ್ಡು. ಒಲೆ, ಬಾಣಲೆ, ಚಕ್ರ ಎಲ್ಲವನ್ನೂ ಕಿತ್ತುಹಾಕಿ ನೆಲದ ತುಂಬ ನೀಲಿ ಮ್ಯಾಟು ಹಾಸಿದ್ದಾರೆ. ಒಂದು ಕಡೆ ನೇತಾಡಲು ಕಬ್ಬಿಣದ ಬಾರು, ಇನ್ನೊಂದು ಕಡೆ ಸ್ಪಂಜಿನ ತುಂಡು ತುಂಬಿದ ದೊಡ್ಡ ಗುಂಡಿ. ಮಳೆ ಬಂದು ಗೋಡೆ ನೆನೆದರೆ ಬೆಂದ ಗೂಡಿನ ವಾಸನೆ ಈಗಲೂ ಏಳುತ್ತದೆ. ಮಕ್ಕಳಿಗೆ ಅದೇನೆಂದು ಗೊತ್ತಿಲ್ಲ. ಜಿಮ್ ಅಂದರೆ ಹೀಗೇ ನಾರುತ್ತದೆ ಎಂದುಕೊಂಡಿದ್ದಾರೆ.

ಅಲ್ಲಿ ಹುಟ್ಟುಹಬ್ಬ ಮಾಡುವವರಿಗೆ ಕೋಚ್ ಒಂದು ಪದ್ಧತಿ ಇಟ್ಟಿದ್ದಾರೆ. ಕೇಕು ಕತ್ತರಿಸುವ ಮೊದಲು ಹುಟ್ಟುಹಬ್ಬದ ಮಗು ತಾನು ಹೊಸದಾಗಿ ಕಲಿತದ್ದೊಂದನ್ನು ಮಾಡಿ ತೋರಿಸಬೇಕು. ತೋರಿಸುವಾಗ ಮನೆಯವರಲ್ಲಿ ಒಬ್ಬರನ್ನು ಗಟ್ಟಿಯಾಗಿ ಕೂಗಿ ಕರೆಯಬೇಕು. ಕರೆಸಿಕೊಂಡವರು ಮ್ಯಾಟಿನ ಪಕ್ಕ ನಿಂತು, ಮಗು ಮೇಲಿಂದ ಬರುವಾಗ ಬೆನ್ನಿಗೆ ಕೈ ಕೊಡಬೇಕು. ಒಬ್ಬರು ಮಾತ್ರ. ಉಳಿದವರೆಲ್ಲ ಗೋಡೆಗೆ ಒರಗಿ ಕೂತು ಚಪ್ಪಾಳೆ ತಟ್ಟಬೇಕು.

ಮೊದಲ ಸಲ ಇದನ್ನು ನೋಡಿದ್ದು ಮಗಳ ಜೊತೆ ಓದುವ ಒಂದು ಹುಡುಗಿಯ ಹುಟ್ಟುಹಬ್ಬದಲ್ಲಿ. ಆ ಹುಡುಗಿ "ಅಪ್ಪಾ!" ಎಂದು ಕೂಗಿದಳು. ಸೀರೆ ಅಂಗಡಿ ಇಟ್ಟಿರುವ ಅವಳಪ್ಪ, ಅಷ್ಟು ಹೊತ್ತು ಫೋನಿನಲ್ಲೇ ಇದ್ದವನು, ಫೋನು ಜೇಬಿಗೆ ಹಾಕಿ ಹೋಗಿ ನಿಂತ. ಹುಡುಗಿ ಹಾರಿದಳು, ಅವನು ಹಿಡಿದ, ಎಲ್ಲರೂ ಹೋ ಎಂದರು. ಎತ್ತಿಕೊಂಡು ಸುತ್ತ ಒಂದು ಸಲ ನೋಡಿದ ನೋಡಿ, ಊರಿಗೆಲ್ಲ ಇರುವವಳು ಅವನೊಬ್ಬನ ಮಗಳೇ ಎನ್ನುವ ಹಾಗೆ. ನನ್ನ ಕೈಯಲ್ಲಿದ್ದ ಸಮೋಸ ಆರಿಹೋಯಿತು. ಹೊಟ್ಟೆ ಉರಿಯಿತು ಎನ್ನುವುದನ್ನು ಬೇರೆ ಯಾವ ಒಳ್ಳೆಯ ಮಾತಿನಲ್ಲಿ ಹೇಳುವುದೋ ತಿಳಿಯದು. ನನ್ನ ಮಗಳ ಹುಟ್ಟುಹಬ್ಬವನ್ನೂ ಇಲ್ಲೇ ಮಾಡಬೇಕು, ಅವಳೂ ಹಾಗೆಯೇ ಕೂಗಬೇಕು, ನಾನೂ ಹಾಗೆಯೇ ಎದ್ದು ಹೋಗಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ.

ನನ್ನ ಸ್ವಂತ ಹುಟ್ಟಿದ ದಿನ ಯಾವುದೆಂದು ನನಗೆ ಸರಿಯಾಗಿ ಗೊತ್ತಿಲ್ಲ. ನಾನು ರಾಮಾಪುರದ ಆಚೆ, ಕಾಡಂಚಿನ ಹಳ್ಳಿಯವನು. ಸ್ಕೂಲಿಗೆ ಸೇರಿಸುವಾಗ ಅವ್ವನನ್ನು ಕೇಳಿದ್ದಕ್ಕೆ, "ರಾಗಿ ಒಕ್ಕಣೆ ಟೈಮ್‌ಲಿ ಉಟ್ದ ಸಾ" ಎಂದಳಂತೆ. ಒಕ್ಕಣೆಗೆ ಹೆಡ್‌ಮೇಷ್ಟ್ರು ತಾರೀಕು ಎಲ್ಲಿಂದ ತಂದಾರು? ಅವತ್ತು ಸೇರಿದ ಮಕ್ಕಳಿಗೆಲ್ಲ ಒಂದೇ ತಾರೀಕು ಬರೆದುಕೊಂಡರು. ಹೀಗಾಗಿ ನಮ್ಮ ಬೆಂಚಿನವರೆಲ್ಲ ಒಂದೇ ದಿನ ಹುಟ್ಟಿದವರು, ಬೇರೆ ಬೇರೆ ತಾಯಂದಿರಿಗೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಹಾಸ್ಟೆಲಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಇನ್ನೊಬ್ಬರ ಪುಸ್ತಕ ರಾತ್ರಿಗೆ ಮಾತ್ರ ಎರವಲು ತಂದು ಓದಿ ಬಿ.ಎಸ್ಸಿ. ಮಾಡಿದೆ, ಆಮೇಲೆ ಬಿ.ಎಡ್. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ. ಕಷ್ಟಪಟ್ಟು ಸಂಪಾದಿಸಿದ್ದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಏನು ಮಾಡುವುದು?

ಇಷ್ಟೆಲ್ಲ ಓದಿದವನು ಒಬ್ಬನ ಮುಂದೆ ಮಾತ್ರ ಯಾವತ್ತೂ ಗೆದ್ದಿಲ್ಲ. ಅವನು ನನ್ನ ಹೆಂಡತಿಯ ತಮ್ಮ. ಮುಳ್ಳೂರಿನವನು. ಎಸ್ಸೆಸ್ಸೆಲ್ಸಿ ದಾಟಲಿಲ್ಲ. ಜೆಸಿಬಿ ಓಡಿಸುತ್ತಾನೆ.

ಜೆಸಿಬಿ ಓಡಿಸುವ ಮಾವನನ್ನು ಪಡೆದ ಮಗುವಿನ ಮುಂದೆ ವಿಜ್ಞಾನದ ಮೇಷ್ಟ್ರಾದ ಅಪ್ಪ ಏನು ತಾನೇ ಮಾಡಬಲ್ಲ? ನಮ್ಮ ಬೀದಿಯಲ್ಲಿ ಚರಂಡಿ ಕೆಲಸಕ್ಕೆ ಅವನು ಗಾಡಿ ತಂದ ದಿನ ಬೀದಿಯ ಮಕ್ಕಳೆಲ್ಲ ಹಿಂದೆ ಓಡಿದರು. ನನ್ನ ಮಗಳು ಮಾತ್ರ ಮೇಲೆ ಅವನ ತೊಡೆಯ ಮೇಲೆ ಕೂತು, ರಾಣಿಯ ಹಾಗೆ ಕೈ ಬೀಸಿದಳು. ನಾನು ಬಸ್ಸಿಗೆ ಹೊರಟಿದ್ದೆ, ನನಗೂ ಬೀಸಿದಳು, ಎಲ್ಲರಿಗೂ ಬೀಸಿದ ಹಾಗೆಯೇ.

ಆ ತೊಡೆಯ ವಿಷಯವೇ ನನಗೆ ಮೊದಲಿನಿಂದ ಚುಚ್ಚುತ್ತಿದ್ದದ್ದು. ನಮ್ಮಲ್ಲಿ ಮಗುವಿನ ಮೊದಲನೆಯದೆಲ್ಲ ಸೋದರಮಾವನ ತೊಡೆಯ ಮೇಲೆಯೇ ಆಗಬೇಕು. ಮಾದಪ್ಪನ ಬೆಟ್ಟದಲ್ಲಿ ಮಗಳ ಮುಡಿ ತೆಗೆಸಿದಾಗ ಅವಳು ಕೂತದ್ದು ಅವನ ತೊಡೆಯ ಮೇಲೆ. ಕಿವಿ ಚುಚ್ಚಿಸಿದಾಗಲೂ ಅವನ ತೊಡೆಯ ಮೇಲೆ. ಎರಡು ಸಲವೂ ಅವಳು ಅತ್ತು ಅವನ ಕುತ್ತಿಗೆಯನ್ನೇ ಅಪ್ಪಿಕೊಂಡಳು. ನಾನು ಒಂದು ಸಲ ಚಪ್ಪಲಿ ಕಾಯುತ್ತಿದ್ದೆ, ಇನ್ನೊಂದು ಸಲ ಬಾಳೆಹಣ್ಣಿನ ಚಿಪ್ಪು ಹಿಡಿದು ನಿಂತಿದ್ದೆ. ಅಪ್ಪ ಎನ್ನುವವನಿಗೆ ಇಂಥ ಕಡೆ ಕೆಲಸವೇ ಇರುವುದಿಲ್ಲ, ನೀವೇ ಯೋಚಿಸಿ ನೋಡಿ.

ಜಿಮ್ನಾಸ್ಟಿಕ್ಸ್ ಹಾಲು ನನಗೆ ಹಿಡಿಸಿದ್ದು ಅದಕ್ಕೇ. ಅಲ್ಲಿ ಪೂಜಾರಿ ಇಲ್ಲ, ತೊಡೆ ಇಲ್ಲ, ಸೋದರಮಾವನ ಹಕ್ಕು ಎನ್ನುವುದು ಯಾವ ಮ್ಯಾಟಿನ ಮೇಲೂ ಬರೆದಿಲ್ಲ. ಅಲ್ಲಿ ಕಲಿತವನಿಗೆ ಬೆಲೆ. ಕಲಿಯುವುದೊಂದನ್ನು ನಾನು ಬಲ್ಲೆ.

ಹುಟ್ಟುಹಬ್ಬಕ್ಕೆ ಇನ್ನೂ ಸಾಕಷ್ಟು ದಿನವಿರುವಾಗಲೇ ಒಂದು ಸಂಜೆ ಮಗಳನ್ನು ಮನೆಗೆ ಬಿಟ್ಟು ಕೋಚ್ ಹತ್ತಿರ ವಾಪಸ್ಸು ಹೋದೆ. ಅವರು ಮೈಸೂರಿನವರು, ನಮ್ಮೂರ ಹೆಣ್ಣನ್ನು ಮದುವೆಯಾಗಿ ಇಲ್ಲಿ ಬಂದು ನೆಲೆಸಿದವರು.

"ಕೈ ಕೊಡೋದು ಹೇಗೆ ಅಂತ ಹೇಳ್ಕೊಡಿ ಸಾರ್," ಎಂದೆ.

"ಅವತ್ತು ನಾನೇ ಪಕ್ಕದಲ್ಲಿ ಇರ್ತೀನಲ್ಲ ಸಾರ್, ಸುಮ್ನೆ ನಿಂತ್ರೆ ಸಾಕು."

"ಸುಮ್ನೆ ನಿಲ್ಲೋಕೆ ನಾನು ಕಂಬ ಅಲ್ಲ. ಸರಿಯಾಗಿ ಕಲಿಸಿ."

ಅವರು ನಗುತ್ತಾ ಕಲಿಸಿದರು. ಮಗಳು ಆಗ ಕಲಿಯುತ್ತಿದ್ದದ್ದು ಎತ್ತರದ ಪೆಟ್ಟಿಗೆಯ ಮೇಲಿಂದ ಮುಂದಕ್ಕೆ ಲಾಗ ಹಾಕಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ದಪ್ಪ ಮ್ಯಾಟಿನ ಮೇಲೆ ಎರಡೂ ಕಾಲಲ್ಲಿ ನಿಲ್ಲುವುದು. ಕೈ ಕೊಡುವವನು ಮೊಣಕಾಲು ಅರ್ಧ ಬಗ್ಗಿಸಿ ನಿಲ್ಲಬೇಕು. ಒಂದು ಕೈ ಬೆನ್ನಿಗೆ, ಇನ್ನೊಂದು ಹೊಟ್ಟೆಯ ಮುಂದೆ. ಅವಳ ಕಾಲು ಮ್ಯಾಟಿಗೆ ಮುಟ್ಟುವ ತನಕ ಹಿಡಿಯಬೇಕು, ಮುಟ್ಟಿದ ಕೂಡಲೇ ಬಿಡಬೇಕು. ಕೋಚ್ ಒಂದು ಸ್ಪಂಜಿನ ಉರುಳೆಯನ್ನು ನನ್ನ ಕಡೆ ಎಸೆದರು. ಹಿಡಿದೆ.

"ಬಿಡಿ ಸಾರ್."

ಬಿಟ್ಟೆ.

"ಲೇಟಾಯ್ತು. ತಬ್ಕೊಂಡ್ಬಿಟ್ರಿ. ಹಿಡಿಯೋದು ಸುಲಭ ಸಾರ್, ಬಿಡೋದೇ ಪ್ರಾಕ್ಟೀಸ್ ಮಾಡ್ಬೇಕು."

ಪ್ರಾಕ್ಟೀಸು ತಾನೇ? ಮನೆಯಲ್ಲಿ ಸ್ಪಂಜಿನ ಉರುಳೆ ಇರಲಿಲ್ಲ, ಅರ್ಧ ಖಾಲಿಯಾದ ಅಕ್ಕಿ ಮೂಟೆ ಇತ್ತು. ತೂಕವೂ ಹೆಚ್ಚುಕಡಿಮೆ ಮಗಳಷ್ಟೇ. ಅದರ ಬಾಯಿ ಬಿಗಿದು ಕಟ್ಟಿ, ಮಂಚದ ಮೇಲೆ ನಿಲ್ಲಿಸಿ, ಒಂದು ಕೈಯಲ್ಲಿ ಉರುಳಿಸಿ, ಎರಡೂ ಕೈಯಲ್ಲಿ ಹಿಡಿಯುವುದು. ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಇದೇ ಕೆಲಸ. ಕೋಚ್ ಹೇಳಿದ ಹಾಗೆ ಮೊದಲ ದಿನ ಹಿಡಿದ ಕೂಡಲೇ ಬಿಟ್ಟೆ, ಮೂಟೆ ಸೀದಾ ಕಾಲ ಮೇಲೆ ಬಿತ್ತು. ಅವತ್ತು ಕುಂಟುತ್ತಾ ಪಾಠ ಮಾಡಿದೆ. ಮಾರನೆಯ ದಿನದಿಂದ ಬಿಡುವ ಗೋಜಿಗೇ ಹೋಗಲಿಲ್ಲ, ಭದ್ರವಾಗಿ ಹಿಡಿದು ಎದೆಗೊತ್ತಿಕೊಳ್ಳುತ್ತಿದ್ದೆ.

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಏನ್ರೀ ಇದು? ಅಕ್ಕಿ ಮೂಟೆಗೆ ಬರ್ತ್‌ಡೇನಾ?"

"ಮಗಳಿಗೆ ಕೈ ಕೊಡೋಕೆ ಅಭ್ಯಾಸ."

"ಅವಳು ನಿಮ್ಮನ್ನೇ ಕರೀತಾಳೆ ಅಂತ ಯಾರಂದ್ರು?"

"ಮತ್ತೆ ಇನ್ಯಾರನ್ನ ಕರೀತಾಳೆ?"

ತವರಿನ ಕಡೆಯವರ ಸುದ್ದಿ ಬಂದಾಗ ಅವಳಿಗೆ ಬರುವ ಒಂದು ನಗು ಇದೆ, ಅದನ್ನು ನಕ್ಕು ಒಳಗೆ ಹೋದಳು. ಬಾಗಿಲ ಹತ್ತಿರ ಮಗಳು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ಮೂಟೆಯನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಚ್ಚಲಿಗೆ ಹೋದಳು.

ನೀನು ಯಾರನ್ನು ಕರೆಯುತ್ತೀಯ ಎಂದು ನಾನು ಅವಳನ್ನು ನೇರವಾಗಿ ಕೇಳಲಿಲ್ಲ. ಕೇಳಿ ಪಡೆದರೆ ಅದಕ್ಕೇನು ಮರ್ಯಾದೆ? ಸುತ್ತಿ ಬಳಸಿ ಕೇಳಿದೆ. ಸೀರೆ ಅಂಗಡಿಯವನ ಮಗಳು ಅವರಪ್ಪನನ್ನು ಕರೆದದ್ದು ಎಷ್ಟು ಚೆನ್ನಾಗಿತ್ತು ಅಲ್ಲವಾ ಎಂದೆ.

"ಹೂಂ," ಎಂದಳು. ಆಮೇಲೆ, "ನಾನು ಯಾರನ್ನ ಕರೀತೀನಿ ಅಂತ ಹೇಳಲ್ಲ. ಸರ್‌ಪ್ರೈಸ್," ಎಂದಳು.

ಸರ್‌ಪ್ರೈಸ್ ಎಂದ ಮೇಲೆ ಅದು ನಾನೇ ಎಂದುಕೊಂಡೆ. ನನ್ನಿಂದಲೇ ಮುಚ್ಚಿಡುತ್ತಿದ್ದಾಳೆ ಎಂದರೆ ನಾನೇ ಇರಬೇಕಲ್ಲ. ವಿಜ್ಞಾನ ಓದಿದವನ ತರ್ಕ ಇದು.

ಹುಟ್ಟುಹಬ್ಬದ ದಿನ ಭಾನುವಾರ ಬಿದ್ದಿತ್ತು. ರಾಮಾಪುರದ ಬಸ್ಸಿನಲ್ಲಿ ಅವ್ವ ಬಂದಳು, ಮುಳ್ಳೂರಿನಿಂದ ಅತ್ತೆ ಬಂದರು. ಮಗಳ ಕ್ಲಾಸಿನ ಮಕ್ಕಳು ಆಗಲೇ ಬಾರಿಗೆ ಜೋತುಬಿದ್ದಿದ್ದರು. ಅವ್ವ ಒಳಗೆ ಕಾಲಿಟ್ಟವಳೇ ಮ್ಯಾಟು ಮೆತ್ತಗಿದೆ ಎಂದು ಗಾಬರಿಯಾಗಿ ನನ್ನ ತೋಳು ಹಿಡಿದಳು. ತಲೆಯೆತ್ತಿ ನೋಡಿದಳು.

"ಅಯ್ಯೋ ಮಗ, ಉಣ್ಸೆಮರ್‌ದಲ್ಲಿ ಬಾವ್ಲಿ ನೇತಾಕಂಡಂಗೆ ನೇತಾಕಂಡವಲ್ಲೋ! ಇದಕ್ಕೂ ಇಸ್ಕೂಲ್ ಮಡಗವ್ರಾ? ನಮ್ಮಟ್ಟೀಲಿ ಇಂಗ್ ಮಾಡುದ್ರೆ ಬರ್ಲು ತಕಂಡು ಒಡೀತಿದ್ವಿ."

"ಸುಮ್ನಿರವ್ವ, ದುಡ್ಡು ಕೊಟ್ಟು ಕಲಿಸ್ತಾರೆ."

"ಮರ ಅತ್ತಕ್ಕೆ ದುಡ್ಡು ಬ್ಯಾರೆ!"

ಅತ್ತೆಯವರ ಸಮಸ್ಯೆ ಬೇರೆ. ಆರತಿ ತಟ್ಟೆ, ದೀಪ, ಓಕುಳಿ ನೀರು ಎಲ್ಲ ತಂದಿದ್ದರು. ಹಾಲಿನ ಮಧ್ಯೆ ತಟ್ಟೆ ಇಟ್ಟು ಬೆಂಕಿಪೆಟ್ಟಿಗೆ ತೆಗೆದರು. ಕೋಚ್ ಓಡಿ ಬಂದರು.

"ಅಮ್ಮಾ, ಬೇಡಿ ಅಮ್ಮಾ! ಕೆಳಗೆಲ್ಲ ಸ್ಪಂಜು, ಹೊತ್ಕೊಂಡ್‌ಬಿಡುತ್ತೆ!"

"ದೀಪ ಅಚ್ದೆ ಉಟ್ಟಿದಬ್ಬ ಯಾವ ದೇಸ್ದಲ್ಲಪ್ಪ ಮಾಡದು?" ಎಂದರು ಅತ್ತೆ.

ಕೊನೆಗೆ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ, ರಸ್ತೆಗೆ ಮುಖ ಮಾಡಿ ನಿಲ್ಲಿಸಿ ಆರತಿ ಮಾಡಿದ್ದಾಯಿತು. ಅಷ್ಟು ಹೊತ್ತಿಗೆ ಬೈಕಿನಲ್ಲಿ ಅವನು ಬಂದ, ನನ್ನ ಬಾಮೈದ. ಮಗಳು ಆರತಿ ಅರ್ಧಕ್ಕೇ ಬಿಟ್ಟು "ಮಾವಾ!" ಎಂದು ಬೈಕಿಗೇ ಹಾರಿದಳು. ಅವನ ಕೈಯಲ್ಲಿ ಸೋದರಮಾವ ತರಬೇಕಾದ ಹೊಸ ಬಟ್ಟೆಯ ಕವರಿತ್ತು. ರೇಷ್ಮೆ ಲಂಗ, ಬ್ಲೌಸು. ನಾನು ಅವಳಿಗೆ ಮೈಸೂರಿನಿಂದ ತರಿಸಿದ್ದ ಜಿಮ್ನಾಸ್ಟಿಕ್ಸಿನ ಬಿಗಿ ಉಡುಪಿನ ಮೇಲೆಯೇ ಆ ಲಂಗ ಏರಿತು. ನಾನು ತಂದದ್ದು ಒಳಗೆ ಮುಚ್ಚಿಹೋಯಿತು, ಅವನು ತಂದದ್ದು ಮೇಲೆ ಮಿನುಗಿತು.

"ಏನ್ ಬಾವ, ಇನ್ಸ್‌ಪೆಕ್ಷನ್‌ಗೆ ಬಂದಂಗ್ ನಿಂತಿದ್ದೀರಲ್ಲ," ಎಂದ ನನ್ನ ಹತ್ತಿರ ಬಂದು. "ವಸಿ ನಗ್ರಿ. ನಿಮ್ ಮಗಳದ್ದೇ ಬರ್ತ್‌ಡೇ ಕಣ್ರಿ."

"ನೀನು ಬಂದ್ಯಲ್ಲ, ನಗು ಬಂದೇ ಬರುತ್ತೆ ಬಿಡು."

"ಅಕ್ಕ ಏಳಿದ್ಳು, ಅಕ್ಕಿ ಮೂಟೆ ಎತ್ತಿ ಎತ್ತಿ ಬಾಡಿ ಬಿಲ್ಡ್ ಮಾಡ್ತಾವ್ರೆ ಅಂತ."

ಹೆಂಡತಿ ದೂರದಲ್ಲಿ ಪೇಪರ್ ತಟ್ಟೆ ಎಣಿಸುವ ಹಾಗೆ ನಟಿಸುತ್ತಿದ್ದಳು.

ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಮಕ್ಕಳೆಲ್ಲ ಸ್ಪಂಜಿನ ಗುಂಡಿಗೆ ಹಾರುವುದನ್ನು ನೋಡಿ, ಪ್ಯಾಂಟು ಮಡಿಚಿ, ಓಡಿಬಂದು ತಾನೂ ಲಾಗ ಹಾಕಿದ. ಮುಳ್ಳೂರಿನ ಬಾವಿಯಲ್ಲಿ ಕಲಿತ ಲಾಗ ಅದು. ಆದರೆ ಗುಂಡಿಯಲ್ಲಿ ನೀರಿಲ್ಲವಲ್ಲ. ಸೊಂಟದ ತನಕ ಹೂತುಹೋಗಿ ಮೇಲೆ ಬರಲಾರದೆ ಕೈಕಾಲು ಬಡಿದ. "ಲೇ, ಎಳೀರ್ಲಾ! ಜೆಸಿಬಿ ತರುಸ್ರಿ ಯಾರಾರ!" ಎಂದು ಕೂಗಿದ. ಮಕ್ಕಳು ಅವನ ಕೈ, ಕೂದಲು, ಕಾಲರು ಹಿಡಿದು ಎಳೆಯುತ್ತಾ ಬಿದ್ದು ಬಿದ್ದು ನಕ್ಕವು. ನನ್ನ ಮಗಳು ನಗುತ್ತಾ ನಗುತ್ತಾ ಬಿಕ್ಕಳಿಕೆ ಬಂದು ನನ್ನ ಹತ್ತಿರ ನೀರಿಗೆ ಓಡಿಬಂದಳು. ನೀರು ಕೊಟ್ಟೆ. ಬಾಟಲಿ ಹಿಡಿದು ನಿಲ್ಲುವ ಕೆಲಸವಾದರೂ ಸಿಕ್ಕಿತಲ್ಲ. ಮೇಷ್ಟ್ರ ಕೆಲಸಕ್ಕೆ ಸೇರಿದಾಗಿನಿಂದ ಮಕ್ಕಳನ್ನು ನಗಿಸಲು ನಾನೂ ಪ್ರಯತ್ನಪಟ್ಟಿದ್ದೇನೆ, ಪಾಠದ ನಡುವೆ ಒಂದೆರಡು ಜೋಕು ಹೇಳುತ್ತೇನೆ. ಮುಂದಿನ ಬೆಂಚಿನವರು ಮರ್ಯಾದೆಗೆ ನಗುತ್ತಾರೆ. ಇವನು ಗುಂಡಿಯಲ್ಲಿ ಸಿಕ್ಕಿಕೊಂಡೇ ಗೆದ್ದ.

ಕೋಚ್ ಸೀಟಿ ಊದಿದರು. ಮಕ್ಕಳು ಗೋಡೆಯ ಕಡೆ ಹೋಗಿ ಕೂತರು. ಮಗಳು ಲಂಗ ಬಿಚ್ಚಿ ಅಮ್ಮನ ಕೈಗೆ ಕೊಟ್ಟು, ಏಣಿ ಹತ್ತಿ ಪೆಟ್ಟಿಗೆಯ ಮೇಲೆ ನಿಂತಳು. ನಾನು ತಂದ ಉಡುಪು ಈಗ ಕಂಡಿತು. ನಾನು ಅಂಗಿಯ ತೋಳು ಮಡಿಚಿ, ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಗೋಡೆ ಬಿಟ್ಟು ಅರ್ಧ ಹೆಜ್ಜೆ ಮುಂದೆ ಬಂದಿದ್ದೆ.

"ಯಾರು ಕೈ ಕೊಡಬೇಕು? ಜೋರಾಗಿ ಕರಿ," ಎಂದರು ಕೋಚ್.

ಅವಳು ಒಂದು ಸಲ ನನ್ನ ಕಡೆ ನೋಡಿದಳು. ನೋಡಿದ್ದು ನಿಜ. ಆಮೇಲೆ ಕೂಗಿದಳು.

"ಮಾವಾ!"

ಮಕ್ಕಳೆಲ್ಲ "ಜೆಸಿಬಿ ಮಾವ! ಜೆಸಿಬಿ ಮಾವ!" ಎಂದು ಕುಣಿದವು. ಅತ್ತೆಯವರ ಮುಖ ಅರಳಿತು. ಹೋಗಲಿ, ಅವರು ಹೆತ್ತವರು. ನನ್ನ ಸ್ವಂತ ಅವ್ವ, "ಮತ್ತೆ? ಮೊದ್ಲುದೆಲ್ಲ ಸೋದರ್‌ಮಾವಂದೇ ಅಲ್ವಾ, ಮಗಿಗೂ ಗೊತ್ತು ನೋಡು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ನಾನು ಮುಂದಿಟ್ಟಿದ್ದ ಅರ್ಧ ಹೆಜ್ಜೆಯನ್ನು ಯಾರಿಗೂ ಕಾಣದ ಹಾಗೆ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಬಗ್ಗಿ ಕಾಲುಚೀಲ ಸರಿಮಾಡಿಕೊಂಡೆ.

ಅವನಿಗೂ ಇದು ಗೊತ್ತಿರಲಿಲ್ಲ ಎಂದು ಕಾಣುತ್ತದೆ. ನಾನಾ ಎಂದು ಎದೆಗೆ ಬೆರಳಿಟ್ಟು ತೋರಿಸಿಕೊಂಡ. ಆಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು, ಮಗಳು ಬಂದು ಬೀಳಬೇಕಾದ ದಪ್ಪ ಮ್ಯಾಟಿನ ನಟ್ಟನಡುವೆ ಹೋಗಿ, ಚಕ್ಕಂಬಕ್ಕಲ ಹಾಕಿ ಕೂತ. ತೊಡೆಯ ಮೇಲೆ ಟವೆಲ್ಲು ಹಾಸಿಕೊಂಡ. ಬೆಟ್ಟದಲ್ಲಿ ಮುಡಿಗೆ ಕೂತ ಹಾಗೆ, ಕಿವಿ ಚುಚ್ಚಿಸಲು ಕೂತ ಹಾಗೆ. ಅತ್ತೆ ಒಂದು ಕ್ಷಣವೂ ತಡಮಾಡಲಿಲ್ಲ. ಆರತಿ ತಟ್ಟೆಯಲ್ಲಿ ಉಳಿದಿದ್ದ ಎಲೆ ಅಡಿಕೆ ತಂದು ಅವನ ಕೈಗಿಟ್ಟರು. ಅವ್ವ ಅವನನ್ನು ಮೂಡಲಕ್ಕೆ ತಿರುಗಿ ಕೂರಲು ಹೇಳಿದಳು. ಅವನು ತಿರುಗಿ ಕೂತ.

ಕೋಚ್ ಅವನ ಹತ್ತಿರ ಬಂದು ಬಗ್ಗಿದರು. "ಏನ್... ಏನ್ ಮಾಡ್ತಿದ್ದೀರಿ ಸಾರ್?"

"ತೊಡೆ ಕೊಡ್ತಾ ಇವ್ನಿ ಸಾ. ಬರ್ಲಿ ಮಗ."

"ಮಾವಾ, ಏಳೋ!" ಎಂದು ಮೇಲಿಂದ ಮಗಳು ಚೀರಿದಳು. "ಅಲ್ಲೇ ಕೂತ್ರೆ ನಿನ್ ತಲೆ ಮೇಲೆ ಬೀಳ್ತೀನಿ!"

ಕೋಚ್ ಅವನನ್ನು ಎಬ್ಬಿಸಿ ಮ್ಯಾಟಿನ ಪಕ್ಕಕ್ಕೆ ನಿಲ್ಲಿಸಿದರು. ಇದು ತೊಡೆ ಕೊಡುವುದಲ್ಲ, ಕೈ ಕೊಡುವುದು ಎಂದು ವಿವರಿಸಿದರು. ಆಮೇಲೆ ಸುತ್ತ ನೋಡಿ ಆ ಮಾತು ಹೇಳಿದರು, ಈಗಲೂ ಕಿವಿಯಲ್ಲಿದೆ. "ನಿಮ್ ಭಾವನಿಗೆ ಚೆನ್ನಾಗಿ ಬರುತ್ತೆ, ನನ್ನ ಹತ್ರ ಬಂದು ಕಲಿತಿದ್ದಾರೆ. ಸಾರ್, ಸ್ವಲ್ಪ ತೋರಿಸಿಕೊಡಿ. ಅಷ್ಟರಲ್ಲಿ ನಾನು ಪೆಟ್ಟಿಗೆ ಹತ್ತಿರ ನಿಲ್ತೀನಿ, ಮಗು ಮೇಲಿದೆ."

ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅವ್ವ, "ನೀನ್ಯಾಕ್ಲಾ ಕಲ್ತೆ?" ಎಂದಳು. ಹೆಂಡತಿ ನಗಲಿಲ್ಲ. ಆಗ ನಕ್ಕಿದ್ದರೇ ವಾಸಿಯಿತ್ತು.

ಹೋದೆ. ಬೇರೆ ದಾರಿ ಇರಲಿಲ್ಲ.

"ಮೊಣಕಾಲು ಬಗ್ಗಿಸು," ಎಂದೆ.

"ಬಗ್ಗುಸ್ದೆ."

"ಕುಕ್ಕರಗಾಲಲ್ಲ. ಅರ್ಧ. ಬಸ್ಸು ಬ್ರೇಕ್ ಹಾಕಿದಾಗ ನಿಲ್ತೀಯಲ್ಲ, ಹಂಗೆ."

"ನಂಗೆ ಬಸ್ಸಲ್ಲಿ ಸೀಟ್ ಸಿಕ್ತದೆ ಬಾವ."

ಮಕ್ಕಳು ನಕ್ಕವು. ನಾನು ಹಿಂದಿನ ಬೆಂಚಿನವರನ್ನು ನೋಡುವ ನೋಟ ನೋಡಿದೆ. ಅವನು ನಾಲಗೆ ಕಚ್ಚಿಕೊಂಡು ನೆಟ್ಟಗಾದ.

ಅಲ್ಲಿ ಒಂದು ಯೋಚನೆ ಬಂತು. ಅರ್ಧ ಹೇಳಿಕೊಟ್ಟು ಸುಮ್ಮನಾದರೆ ಸಾಕು. ಇವನ ಕೈಲಿ ಆಗದು ಎಂದು ಕೋಚ್ ಇವನನ್ನು ಸರಿಸಿ ನನ್ನನ್ನು ನಿಲ್ಲಿಸುತ್ತಾರೆ. ತಪ್ಪು ನನ್ನದಾಗುವುದಿಲ್ಲ, ಅವನು ಓದಿನಲ್ಲಿ ಹಿಂದೆ ಎನ್ನುವುದು ಊರಿಗೇ ಗೊತ್ತು. ತಲೆಯೆತ್ತಿ ನೋಡಿದೆ. ಮಗಳು ಪೆಟ್ಟಿಗೆಯ ಅಂಚಿನಲ್ಲಿ ಕೂತು ಕಾಲು ಆಡಿಸುತ್ತಾ ನಮ್ಮಿಬ್ಬರನ್ನೇ ನೋಡುತ್ತಿದ್ದಳು. ಅಷ್ಟು ಎತ್ತರದಿಂದ ತಲೆ ಕೆಳಗಾಗಿ ಬರುವವಳು ಅವಳು. ಅವನ ಬಲಗೈ ಹಿಡಿದು ಎಳೆದೆ.

"ಈ ಕೈ ಇಲ್ಲಿ, ಬೆನ್ನಿಗೆ. ಬೆರಳು ಬಿಡಿಸು. ಎಡಗೈ ಹೊಟ್ಟೆ ಮುಂದೆ, ಮುಟ್ಟಬಾರದು, ಸುಮ್ನೆ ಇರಬೇಕು. ಕಣ್ಣು ಅವಳ ಮುಖದ ಮೇಲಲ್ಲ, ಸೊಂಟದ ಮೇಲೆ. ಅವಳ ಕಾಲು ಮ್ಯಾಟಿಗೆ ಮುಟ್ಟಿದ ಕೂಡಲೇ..."

"ಕೂಡ್ಲೆ?"

"ಬಿಡಬೇಕು."

"ಬಿಡದಾ? ಬೀಳಲ್ವಾ ಬಾವ?"

"ಅವಳಿಗೆ ಕಾಲಿದೆ. ನಿಲ್ತಾಳೆ."

ನನ್ನ ಬಾಯಲ್ಲೇ ಬಂದ ಮಾತು ಅದು. ಅವನನ್ನು ಮತ್ತೆ ಮತ್ತೆ ನಿಲ್ಲಿಸಿ ಹೇಳಿಸಿದೆ, ಕೈ ಇಡಿಸಿದೆ, ತೆಗೆಸಿದೆ. ಸ್ಪಂಜಿನ ಉರುಳೆ ಎಸೆದು ನೋಡಿದೆ. ಹಿಡಿದ, ನೆಲಕ್ಕೆ ಮುಟ್ಟಿಸಿದ, ಬಿಟ್ಟ. ಮೊದಲ ಸಲಕ್ಕೇ ಬಿಟ್ಟ! ಅದಕ್ಕೂ ಹೊಟ್ಟೆ ಉರಿಯಿತು.

"ಎಸ್ಸೆಸ್ಸೆಲ್ಸೀಲಿ ನೀವು ನಮ್ ಮೇಷ್ಟ್ರಾಗಿದ್ರೆ ಪಾಸಾಗ್‌ಬುಡ್ತಿದ್ದೆ ಬಾವ," ಎಂದ ಮೆಲ್ಲಗೆ. ತಮಾಷೆಗೆ ಹೇಳಿದನೋ ನಿಜಕ್ಕೆ ಹೇಳಿದನೋ, ಅವನ ಮುಖದಿಂದ ತಿಳಿಯುವುದಿಲ್ಲ.

ಮಗಳು ಎದ್ದು ನಿಂತಳು. ಕೈ ಮೇಲೆತ್ತಿದಳು. ನಾನು ಗೋಡೆಗೆ ವಾಪಸ್ಸು ಹೋಗಬೇಕಿತ್ತು, ಹೋಗಲಿಲ್ಲ. ಅವನ ಹಿಂದೆಯೇ ನಿಂತೆ. ಅವಳು ಹಾರಿದಳು, ಗಾಳಿಯಲ್ಲಿ ಮುದುಡಿಕೊಂಡಳು, ತಿರುಗಿದಳು. ಅವನ ಕೈ ಅವಳ ಬೆನ್ನಿಗೆ ಹೋಯಿತು, ಕಾಲು ಮ್ಯಾಟಿಗೆ ಮುಟ್ಟಿತು, ಕೈ ಹಿಂದಕ್ಕೆ ಬಂತು. ಅವಳು ಒಂದಿಷ್ಟು ಮುಂದಕ್ಕೆ ವಾಲಿದಳು. ನೆಟ್ಟಗಾದಳು. ಎರಡೂ ಕೈ ಮೇಲೆತ್ತಿ, ಯಾರೂ ಮುಟ್ಟದೆ, ಒಬ್ಬಳೇ ನಿಂತಳು.

ಶೆಡ್ಡು ಕಿತ್ತುಹೋಗುವ ಹಾಗೆ ಕೂಗಿದರು. ಅವ್ವ, ಪೊರಕೆ ತೆಗೆದುಕೊಂಡು ಹೊಡೆಯುತ್ತಿದ್ದೆವು ಎಂದವಳು, ನೆಟಿಕೆ ಮುರಿದು ದೃಷ್ಟಿ ತೆಗೆದಳು.

ಕೇಕಿನ ಮೊದಲ ತುಂಡು ಯಾರಿಗೆ ಹೋಯಿತು ಎಂದು ಬರೆಯುವ ಅಗತ್ಯವಿಲ್ಲ. ಎರಡನೆಯದು ಅವಳಮ್ಮನಿಗೆ. ನನ್ನ ಪಾಲಿನದನ್ನು ಪೇಪರ್ ತಟ್ಟೆಯಲ್ಲಿ ಹಿಡಿದು ಮಗಳೇ ಬಂದು ನನ್ನ ಪಕ್ಕ ಕೂತಳು, ಕ್ರೀಮಿನ ಗುಲಾಬಿ ಹೂವನ್ನು ನನಗೆ ಎಂದು ಎತ್ತಿಟ್ಟಿದ್ದಳು. ಇನ್ನು ಮರ್ಯಾದೆ ಏನು ಉಳಿದಿದೆ ಎಂದು ನೇರವಾಗಿ ಕೇಳಿಬಿಟ್ಟೆ.

"ಯಾಕೆ ಮಾವನನ್ನ ಕರೆದೆ?"

ಅವಳು ಯೋಚನೆ ಕೂಡ ಮಾಡಲಿಲ್ಲ. "ನೀನು ಹಿಡ್ಕಂಡ್ರೆ ಬಿಡಲ್ಲ ಅಪ್ಪ."

"ಯಾರು ಹೇಳಿದ್ದು?"

"ಅಕ್ಕಿ ಮೂಟೆ ಬಿಡ್ತಾನೇ ಇರ್ಲಿಲ್ಲ ನೀನು. ರೋಡ್ ದಾಟಿದ್ ಮೇಲೂ ನನ್ ಕೈ ಬಿಡಲ್ಲ, ಸ್ಕೂಲ್ ಗೇಟ್ ತನಕ. ಎಲ್ಲಾರೂ ನೋಡ್ತಾರೆ. ನೀನು ಹಿಡ್ಕಂಡಿದ್ರೆ ನಾನೇ ನಿಂತೆ ಅಂತ ಯಾರ್ಗೂ ಗೊತ್ತಾಗ್ತಿರ್ಲಿಲ್ಲ."

ಹೂವು ತಿನ್ನು ಎಂದಳು. ತಿಂದೆ. ಅವಳು ಎದ್ದು ಅವನ ಹತ್ತಿರ ಓಡಿದಳು. ಅವನು ಆಗಲೇ ಇನ್ನೊಂದು ಮಗುವಿಗೆ ಮೊಣಕಾಲು ಅರ್ಧ ಬಗ್ಗಿಸುವುದು ಹೇಗೆಂದು ತೋರಿಸುತ್ತಿದ್ದ, ಬಸ್ಸು ಬ್ರೇಕ್ ಹಾಕಿದ ಉದಾಹರಣೆಯನ್ನು ತನ್ನದೇ ಎನ್ನುವ ಹಾಗೆ ಹೇಳಿಕೊಂಡು.

ಆ ದಿನದ ಫೋಟೋ ಈಗ ಮುಳ್ಳೂರಿನಲ್ಲಿ ಅತ್ತೆಯ ಮನೆಯ ಗೋಡೆಯ ಮೇಲಿದೆ, ಕಟ್ಟು ಹಾಕಿಸಿದ್ದಾರೆ. ನಡುವೆ ಮಗಳು ಕೈಯೆತ್ತಿ ನಿಂತಿದ್ದಾಳೆ, ಪಕ್ಕದಲ್ಲಿ ಅವನು ಹಲ್ಲು ಬಿಟ್ಟುಕೊಂಡು. ಅವನ ಹಿಂದೆ, ಚೌಕಟ್ಟಿನ ಅಂಚಿನಲ್ಲಿ, ಮುಂದಕ್ಕೆ ಚಾಚಿದ ಎರಡು ಕೈ ಮಾತ್ರ ಕಾಣುತ್ತವೆ, ಮುಖವಿಲ್ಲ. ಆ ಮನೆಗೆ ಹೋದಾಗಲೆಲ್ಲ ನೋಡುತ್ತೇನೆ, ಹೋದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಬಂದವರು ಯಾರಾದರೂ ಫೋಟೋ ಮುಂದೆ ನಿಂತು "ಸೋದರ್‌ಮಾವ ಎಷ್ಟ್ ಚಂದಾಗಿ ನಿಂತವ್ನೆ" ಎಂದರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಎದ್ದು ಹೋಗಿ ಬೆರಳಿಟ್ಟು ತೋರಿಸುತ್ತೇನೆ.

"ಮೊಣಕಾಲು ನೋಡಿ. ಅರ್ಧ ಬಗ್ಗಿದೆಯಲ್ಲ? ಅದನ್ನ ಹೇಳಿಕೊಟ್ಟಿದ್ದು ನಾನು."